ಆಲ್ಟರ್ನೇಟರ್ ಚಾರ್ಜ್ ಕೊಡದಿರುವ ಬಗ್ಗೆ

ಸಂಚಾರಿ ಸ್ವತ್ತುಗಳ ಇಲಾಖೆ
(ವಾಹನ ಶಾಖೆ ಮತ್ತು ಸಿಬ್ಬಂದಿ ಶಾಖೆ, ನಡುವೆ ಒಂದೇ ಗೋಡೆ)

ಸುತ್ತೋಲೆ ಸಂಖ್ಯೆ: ಸಂಸ್ವಇ/ವಾಹನ/ಚಾರ್ಜ್/ಮರುಚಾರ್ಜ್/೭
ದಿನಾಂಕ: ಕಾರು ತಾನಾಗಿಯೇ ಹೊರಟ ದಿನ

ವಿಷಯ: ಇಲಾಖೆಯ ಕಾರಿನ, ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರನ್ನು ನಿಜಕ್ಕೂ ಬದಲಾಯಿಸಬೇಕೇ ಎಂಬುದನ್ನು, ಬದಲಾಯಿಸುವುದಕ್ಕೆ ಮೊದಲೇ ನೋಡಿಕೊಳ್ಳುವ ಕುರಿತು.

ಉಲ್ಲೇಖ:
೧. ಕಾರು ಚಾಲಕರು ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ ಬರೆದ ಚೀಟಿ.
೨. ಶ್ರೀ ಆಲ್ಟರ್ನೇಟರ್ ರವರಿಗೆ ಜಾರಿ ಮಾಡಿದ ಕಾರಣ ಕೇಳುವ ನೋಟಿಸು.
೩. ಸದರಿ ನೋಟಿಸಿಗೆ ಶ್ರೀ ಆಲ್ಟರ್ನೇಟರ್ ರವರು ತಾಳಿದ ಮೌನ.
೪. ಚಾಲಕರ ಧರ್ಮಪತ್ನಿಯವರು ಕಚೇರಿ ಮೆಟ್ಟಿಲ ಮೇಲೆ ನಿಂತು ದೊಡ್ಡ ದನಿಯಲ್ಲಿ ಸಲ್ಲಿಸಿದ ಅಹವಾಲು.

ಪ್ರಸ್ತಾವನೆ:

ಈ ಇಲಾಖೆಗೆ ಒಂದು ಕಾರು ಇರುತ್ತದೆ. ಬಣ್ಣ ಬಿಳಿ ಎಂದು ದಾಖಲೆಗಳಲ್ಲಿದೆ. ಅದಕ್ಕೆ ಒಬ್ಬ ಚಾಲಕರಿದ್ದು, ಸೇವಾ ಪುಸ್ತಕದಲ್ಲಿ ಅವರಿಗೆ ಬೇರೊಂದು ಹೆಸರಿರುವುದಾದರೂ, ಆ ಹೆಸರನ್ನು ಅವರ ಮದುವೆಯ ದಿನ ಬಿಟ್ಟರೆ ಮತ್ತೆ ಯಾರೂ ಬಳಸಿದ ಕುರುಹಿಲ್ಲದ ಕಾರಣ, ಎಲ್ಲರೂ ಕರೆಯುವಂತೆ ‘ಗೇರಣ್ಣ’ ಎಂದೇ ಇಲ್ಲಿ ನಮೂದಿಸಲಾಗಿದೆ. ಗೇರಣ್ಣನವರಿಗೆ ಕಾರು ಓಡಿಸುವುದನ್ನು ಬಿಟ್ಟು ಬೇರೇನೂ ಬರುವುದಿಲ್ಲ. ಇದನ್ನು ಅವರೇ ಹೆಮ್ಮೆಯಿಂದ ಹೇಳಿಕೊಂಡಿರುತ್ತಾರೆ.

ಒಂದು ಬೆಳಿಗ್ಗೆ ನಿರ್ದೇಶಕರು ಹಿಂದಿನ ಸೀಟಿನಲ್ಲಿ ಕುಳಿತು ಪತ್ರಿಕೆ ಬಿಡಿಸಿದ ಮೇಲೆ ಗೇರಣ್ಣನವರು ಚಾವಿ ತಿರುಗಿಸಿದರು. ಕಾರು ‘ಟಿಕ್’ ಎಂದಿತು. ಮತ್ತೆ ತಿರುಗಿಸಿದಾಗ ಅಷ್ಟನ್ನೂ ಅನ್ನಲಿಲ್ಲ. ಸಿಬ್ಬಂದಿ ಹೊರಬಂದು ತಳ್ಳಿದ ಮೇಲೆ ಹೊರಟಿತು. ಮಾರನೆಯ ದಿನವೂ ಇದೇ ಪಾಡು. ವಾರದೊಳಗೆ ಕಾರು ತಳ್ಳುವುದು ಕಚೇರಿಯ ದಿನಚರಿಯೇ ಆಗಿಹೋಗಿ, ತಳ್ಳಲು ಬಾರದವರ ಹಾಜರಾತಿಯ ಬಗ್ಗೆ ಪ್ರಶ್ನೆಗಳೆದ್ದವು.

ಆಗ ಪಕ್ಕದ ಬೀದಿಯ ಮೆಕ್ಯಾನಿಕರನ್ನು ಕರೆಸಲಾಯಿತು. ಇವರನ್ನು ಎಲ್ಲರೂ ‘ಬದ್ಲಾಯ್ಸಿ’ ಎಂದೇ ಕರೆಯುತ್ತಾರೆ. ಇವರು ಬಾನೆಟ್ ತೆರೆಯದೆ, ಅದರ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ, “ಆಲ್ಟರ್ನೇಟರ್ ಹೋಗಿದೆ. ಬದ್ಲಾಯ್ಸಿಬಿಡಿ,” ಎಂದು ಅಭಿಪ್ರಾಯಪಟ್ಟರು. ಇದೇ ಅಭಿಪ್ರಾಯವನ್ನು ಅವರು ಹಿಂದೆ ವೈಪರಿನ ಬಗ್ಗೆಯೂ, ಹಿಂದಿನ ಸೀಟಿನ ಬಗ್ಗೆಯೂ, ಒಮ್ಮೆ ಗೇಟಿನ ಕಾವಲುಗಾರರ ಬಗ್ಗೆಯೂ ವ್ಯಕ್ತಪಡಿಸಿರುತ್ತಾರೆ.

ಇದರ ಮೇಲೆ ಗೇರಣ್ಣನವರು ಕೈಗೆ ಸಿಕ್ಕ ಕಾಗದದ ಮೇಲೆ, “ಆಲ್ಟರ್ನೇಟರ್ ಬ್ಯಾಟರಿಗೆ ಚಾರ್ಜ್ ಕೊಡುತ್ತಿಲ್ಲವಂತೆ. ಬದಲಿ ಹಾಕಬೇಕಂತೆ. ಒಂದು ಸಲ ನೋಡಿ ತೀರ್ಮಾನ ಮಾಡುವುದು,” ಎಂದು ಬರೆದು ಕಳಿಸಿದರು. ಚೀಟಿ ಹೋಗಬೇಕಾದದ್ದು ವಾಹನ ಶಾಖೆಗೆ. ಹೋದದ್ದು ಗೋಡೆಯ ಈಚೆಗಿರುವ ಸಿಬ್ಬಂದಿ ಶಾಖೆಗೆ. ಅಲ್ಲಿನ ಅಧೀಕ್ಷಕರು ತಮ್ಮ ಸೇವೆಯುದ್ದಕ್ಕೂ ಯಾರು ಯಾರಿಗೆ ಚಾರ್ಜ್ ಕೊಟ್ಟರು, ಯಾರು ಯಾರಿಂದ ಚಾರ್ಜ್ ತೆಗೆದುಕೊಂಡರು ಎಂಬುದನ್ನೇ ನೋಡುತ್ತಾ ಕೂದಲು ನರೆಸಿಕೊಂಡವರು. ಬದಲಿ ನೌಕರ ಬಂದು ನಿಂತಿದ್ದರೂ ಚಾರ್ಜ್ ಕೊಡದೆ ಕುರ್ಚಿಗೆ ಅಂಟಿಕೊಳ್ಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ಚೀಟಿ ಓದಿದೊಡನೆ ಅವರಿಗೆ ಎಲ್ಲವೂ ಅರ್ಥವಾಯಿತು. ಆಲ್ಟರ್ನೇಟರ್ ಎಂಬೊಬ್ಬರು ಬ್ಯಾಟರಿ ಎಂಬೊಬ್ಬರಿಗೆ ಚಾರ್ಜ್ ಕೊಡದೆ ಸತಾಯಿಸುತ್ತಿದ್ದಾರೆ. ಹೆಸರುಗಳು ಒಂದಿಷ್ಟು ಬೇರೆ ಥರ ಇವೆ ಎಂದು ಅನ್ನಿಸದೇ ಇರಲಿಲ್ಲ. ಆದರೆ ಇನ್ನೊಬ್ಬರ ಹೆಸರನ್ನು ಆಡಿಕೊಳ್ಳುವುದು ಅಧೀಕ್ಷಕರ ಸ್ವಭಾವವಲ್ಲ.

ನೋಟಿಸು ಹೋಯಿತು. ಉತ್ತರ ಬರಲಿಲ್ಲ. ಕಾರಿಗೆ ಸಂಬಂಧಿಸಿದವರೆಂದು ತಿಳಿದುಬಂದಿದ್ದರಿಂದ ಎರಡನೆಯ ನೋಟಿಸನ್ನು ಬಾನೆಟ್ಟಿಗೆ ಅಂಟಿಸಲಾಯಿತು. ಅದಕ್ಕೂ ಉತ್ತರವಿಲ್ಲ. ಬಳಿಕ ಸಿಬ್ಬಂದಿ ಪಟ್ಟಿಯನ್ನು ಜಾಲಾಡಿದಾಗ, ಕಾರಿಗೆಂದು ನೇಮಕವಾದ ನೌಕರರು ಒಬ್ಬರೇ ಇರುವುದು ಕಂಡುಬಂದು, ಆಲ್ಟರ್ನೇಟರ್ ಎಂಬುದು ಅವರದೇ ಇನ್ನೊಂದು ಹೆಸರಿರಬೇಕೆಂದು ತೀರ್ಮಾನಿಸಲಾಯಿತು. ಗೇರಣ್ಣನವರನ್ನು ಕರೆಸಿ ವಿಚಾರಿಸಲಾಗಿ, “ಸಾರ್, ಆಲ್ಟರ್ನೇಟರ್ ನಾನಲ್ಲ ಸಾರ್. ಅದು ಕಾರೊಳಗಿರುತ್ತೆ,” ಎಂದು ತಿಳಿಸಿದರು. “ನೀನೂ ಕಾರೊಳಗೇ ಇರ್ತೀಯಲ್ಲಪ್ಪ?” ಎಂದು ಅಧೀಕ್ಷಕರು ಕೇಳಿದರು. ಇರುವುದು ಹೌದೆಂದು ಗೇರಣ್ಣನವರು ಒಪ್ಪಿಕೊಂಡಿರುತ್ತಾರೆ.

ಆದ್ದರಿಂದ ‘ಶ್ರೀ ಆಲ್ಟರ್ನೇಟರ್ ಉರುಫ್ ಗೇರಣ್ಣ’ನವರನ್ನು ಕಾರಿನಿಂದ ಬಿಡುಗಡೆ ಮಾಡಿ, ಹಳೆಯ ಕಡತಗಳ ಕೊಠಡಿಗೆ ಹಾಕಿ, ಅವರ ಜಾಗಕ್ಕೆ ಬದಲಿ ಚಾಲಕರೊಬ್ಬರನ್ನು ನೇಮಿಸಲಾಯಿತು. ಆದೇಶದ ಕೆಳಗೆ ಆಲ್ಟರ್ನೇಟರ್ ಎಂದು ಸಹಿ ಮಾಡುವಂತೆ ಸೂಚಿಸಿದಾಗ ಗೇರಣ್ಣನವರು, “ಸತ್ರೂ ಹಾಕಲ್ಲ ಸಾರ್, ನಮ್ಮಪ್ಪ ಇಟ್ಟಿರೋ ಹೆಸರೇ ಒಂದಿದೆ,” ಎಂದು ಹೇಳಿ ಚಾವಿಯನ್ನು ಮೇಜಿನ ಮೇಲಿಟ್ಟು ಹೊರನಡೆದರು. ಮೇಜಿನಿಂದ ಬಾಗಿಲವರೆಗೆ ಹೋಗುವಷ್ಟರಲ್ಲಿ ತಿರುಗಿ ತಿರುಗಿ ಚಾವಿಯನ್ನೇ ನೋಡಿದರೆಂದು ಅಲ್ಲಿದ್ದವರು ಹೇಳುತ್ತಾರೆ.

ಹಳೆಯ ಕಡತಗಳ ಕೊಠಡಿಗೆ ಒಂದೇ ಕಿಟಕಿ. ಅದರಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತದೆ. ಇದು ಸರಿಯಾದ ಏರ್ಪಾಡಲ್ಲವೆಂದು ಈಗ ಮನಗಾಣಲಾಗಿದೆ. ಗೇರಣ್ಣನವರು ಅಲ್ಲಿ ಕುರ್ಚಿಯಲ್ಲಿ ಕುಳಿತು ಕಡತದ ಪುಟ ತಿರುವುವಾಗ ಅವರ ಎಡಗೈ ತನ್ನಷ್ಟಕ್ಕೆ ತಾನೇ ಮೇಜಿನ ಪಕ್ಕಕ್ಕೆ ಇಳಿದು, ಇಲ್ಲದ ಗೇರನ್ನು ಹಿಡಿದು ಮುಂದಕ್ಕೆ ತಳ್ಳುತ್ತಿತ್ತು. ಕುರ್ಚಿ ಹಿಂದಕ್ಕೆ ಸರಿಸುವ ಮುನ್ನ ಕತ್ತು ತಿರುಗಿಸಿ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಿದ್ದರು. ಸಹೋದ್ಯೋಗಿಗಳು ಮೊದಮೊದಲು ನಕ್ಕರು. ಆಮೇಲೆ ನಗಲಾಗಲಿಲ್ಲ. ಬದಲಿ ಚಾಲಕರು ಕಾರನ್ನು ಮೊದಲನೆಯ ಗೇರಿನಲ್ಲೇ ಗುರುಗುಟ್ಟಿಸಿಕೊಂಡು ಗೇಟು ದಾಟಿಸುವಾಗಲೆಲ್ಲ ಕಿಟಕಿಯ ಬಳಿ ಒಬ್ಬ ಮನುಷ್ಯ ಎಡಗೈಯಿಂದ ಗಾಳಿಯಲ್ಲೇ ಎರಡನೆಯ ಗೇರು ಹಾಕುತ್ತ ನಿಂತಿರುವುದನ್ನು ನೋಡಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ.

ಈ ನಡುವೆ ಗೇರಣ್ಣನವರ ಧರ್ಮಪತ್ನಿಯವರು ಕಚೇರಿಗೆ ಬಂದು, “ನಮ್ಮನೇವ್ರು ಊಟಕ್ಕೆ ಕೂತ್ರೆ ಸೌಟನ್ನ ಗೇರ್ ಮಾಡ್ಕೋತಾರೆ. ನಾನು ಅಡ್ಡ ಬಂದ್ರೆ ಬಾಯಲ್ಲೇ ಹಾರ್ನ್ ಹೊಡೀತಾರೆ. ಇದ್ದ ಮನುಷ್ಯನ್ನ ಇದ್ದಲ್ಲಿಗೆ ವಾಪಸ್ ಹಾಕಿ ಸಾರ್, ನಿಮ್ಗೆ ಪುಣ್ಯ ಬರುತ್ತೆ,” ಎಂದು ಅಹವಾಲು ಸಲ್ಲಿಸಿದರು. ನಿರ್ದೇಶಕರು ಮಹಡಿಯ ಮೇಲಿದ್ದರೂ ಅದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ಅಧೀಕ್ಷಕರನ್ನು ಕರೆಸಿ, “ಏನ್ರೀ ಇದು?” ಎಂದು ಕೇಳಿದರು.

ಹೊರಡಿಸಿದ ಆದೇಶವನ್ನು ರದ್ದುಪಡಿಸಿದ ಪೂರ್ವನಿದರ್ಶನ ಈ ಇಲಾಖೆಯಲ್ಲಿ ಇಲ್ಲವೆಂದು ಅಧೀಕ್ಷಕರು ಖಡಾಖಂಡಿತವಾಗಿ ತಿಳಿಸಿದರು. ಆದರೆ ಆಲ್ಟರ್ನೇಟರ್ ಮತ್ತು ಗೇರಣ್ಣ ಇಬ್ಬರೂ ಕಡತದ ಪ್ರಕಾರ ಒಬ್ಬರೇ ಆಗಿರುವುದರಿಂದ, ಆಲ್ಟರ್ನೇಟರನ್ನು ಪರೀಕ್ಷಿಸಿದರೆ ಗೇರಣ್ಣನವರನ್ನು ಪರೀಕ್ಷಿಸಿದಂತೆಯೇ ಆಗುವುದೆಂಬ ದಾರಿಯನ್ನೂ ಅವರೇ ತೋರಿದರು. ಆಲ್ಟರ್ನೇಟರ್ ಕೆಟ್ಟಿದ್ದರೆ ಬದಲಿ ಚಾಲಕರೇ ಖಾಯಂ. ಗೇರಣ್ಣನವರು ನಿವೃತ್ತಿಯವರೆಗೆ ಕಡತಗಳ ಜೊತೆ ಇರತಕ್ಕದ್ದು. ಚೆನ್ನಾಗಿದ್ದರೆ ಚಾಲಕರಿಬ್ಬರೂ ತಮ್ಮ ತಮ್ಮ ಜಾಗಕ್ಕೆ. ಈ ಸುದ್ದಿ ಕಡತಗಳ ಕೊಠಡಿಗೆ ಮುಟ್ಟಿದ ಕ್ಷಣದಿಂದ ಗೇರಣ್ಣನವರ ಎದೆಯೊಳಗೆ ಇಂಜಿನ್ನು ಆರದೆ ಓಡುತ್ತಿತ್ತು.

ಸದರಿ ಪರೀಕ್ಷೆಯಿಂದ ಕಲಿತದ್ದನ್ನು ಆಧರಿಸಿ, ಎಲ್ಲ ಶಾಖೆಗಳಿಗೆ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ಇನ್ನು ಮುಂದೆ ಯಾವುದೇ ನೌಕರರು ‘ಚಾರ್ಜ್ ಕೊಡುತ್ತಿಲ್ಲ’ ಎಂದು ಬರೆಯುವಾಗ, ಸದರಿ ಚಾರ್ಜು ತಂತಿಯಲ್ಲಿ ಹರಿಯುವುದೋ ಕಡತದಲ್ಲಿ ಹರಿಯುವುದೋ ಎಂಬುದನ್ನು ಸ್ಪಷ್ಟಪಡಿಸತಕ್ಕದ್ದು. ಫೋನಿನ ಚಾರ್ಜು ಮತ್ತು ಬಸ್ಸಿನ ಚಾರ್ಜುಗಳ ಬಗ್ಗೆ ಪ್ರತ್ಯೇಕ ಸುತ್ತೋಲೆ ಬರಲಿದೆ. ಅಲ್ಲಿಯವರೆಗೆ ಈ ಪದವನ್ನು ಮಿತವಾಗಿ ಬಳಸತಕ್ಕದ್ದು.

೨. ಯಾರಿಗೇ ಆಗಲಿ ಕಾರಣ ಕೇಳುವ ನೋಟಿಸು ಜಾರಿ ಮಾಡುವ ಮುನ್ನ, ಅವರಿಗೆ ಓದಲು ಬರುತ್ತದೆಯೇ, ಅವರು ಕಬ್ಬಿಣದಿಂದ ಮಾಡಲ್ಪಟ್ಟವರೇ ಎಂಬ ಎರಡು ಅಂಶಗಳನ್ನು ಖಾತ್ರಿಪಡಿಸಿಕೊಳ್ಳತಕ್ಕದ್ದು. ಕಬ್ಬಿಣದವರು ಮೌನವಾಗಿದ್ದರೆ ಅದನ್ನು ತಪ್ಪೊಪ್ಪಿಗೆ ಎಂದು ಪರಿಗಣಿಸತಕ್ಕದ್ದಲ್ಲ.

೩. ಬಾನೆಟ್ ತಟ್ಟಿ ರೋಗ ಹೇಳುವುದನ್ನು ನಿಷೇಧಿಸಲಾಗಿದೆ. ಮೊದಲು ಬಾನೆಟ್ ತೆರೆಯತಕ್ಕದ್ದು. ತೆರೆದ ಮೇಲೆ ಕೋಲು ಕೊಟ್ಟು ನಿಲ್ಲಿಸತಕ್ಕದ್ದು. ನಿರ್ದೇಶಕರು ಒಳಗೆ ಬಗ್ಗಿ ನೋಡುತ್ತಿರುವಾಗ ಆ ಕೋಲನ್ನು ‘ಇದೇನು, ಸಡಿಲ ಇದೆ’ ಎಂದು ಯಾರೂ ಮುಟ್ಟತಕ್ಕದ್ದಲ್ಲ. ಈ ಕಲಮಿಗೆ ಕಾರಣವಾದ ಘಟನೆಯನ್ನು ಇಲ್ಲಿ ವಿವರಿಸುವುದಿಲ್ಲ.

೪. ಇಂಜಿನ್ ನಿಂತಿರುವಾಗ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ, ಬಿಗಿಯಾಗಿದೆಯೇ ನೋಡತಕ್ಕದ್ದು. ಬೆಲ್ಟು ಸಡಿಲವಿದ್ದರೆ ಆಲ್ಟರ್ನೇಟರ್ ಪಾಪ ಏನೂ ಮಾಡಲಾರದು. ಒತ್ತುವ ಹೆಬ್ಬೆರಳು ದ್ವಿತೀಯ ದರ್ಜೆಗಿಂತ ಕೆಳಗಿನ ನೌಕರರದ್ದಾಗಿದ್ದಲ್ಲಿ ಮೇಲಧಿಕಾರಿಗಳು ಅದರ ಮೇಲೆ ತಮ್ಮ ಹೆಬ್ಬೆರಳನ್ನಿಟ್ಟು ದೃಢೀಕರಿಸತಕ್ಕದ್ದು. ಪರೀಕ್ಷೆಯ ದಿನ ಹೀಗೆ ನಾಲ್ಕೈದು ಹೆಬ್ಬೆರಳುಗಳು ಒಂದರ ಮೇಲೊಂದು ಕುಳಿತವು. ಬೆಲ್ಟು ಬಿಗಿಯಾಗಿಯೇ ಇತ್ತು. ಕಿಟಕಿಯಲ್ಲಿ ಗೇರಣ್ಣನವರು ಒಂದು ಉಸಿರು ಬಿಟ್ಟರು.

೫. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಿತ್ತು, ‘ಕಾರು ಆರಿದರೆ ಆಲ್ಟರ್ನೇಟರ್ ಹೋಗಿದೆ’ ಎನ್ನುವ ಪರೀಕ್ಷೆಯನ್ನು ಯಾರೂ ಮಾಡತಕ್ಕದ್ದಲ್ಲ. ಮೆಕ್ಯಾನಿಕರು ಹಾಗೆ ಮಾಡಲು ಕೈ ಚಾಚಿದಾಗ, ಕಡತಗಳ ಕೊಠಡಿಯ ಕಿಟಕಿಯಿಂದ, “ಏಯ್, ಕೀಳ್ಬೇಡ್ರೀ! ಚೆನ್ನಾಗಿರೋದೂ ಸುಟ್ಟು ಹೋಗುತ್ತೆ!” ಎಂಬ ಕೂಗು ಬಂದಿತು. ಆ ಕೊಠಡಿಯಲ್ಲಿ ಮೌನ ಪಾಲಿಸತಕ್ಕದ್ದೆಂಬ ನಿಯಮವಿದೆ. ಅಧೀಕ್ಷಕರು ಅತ್ತ ನೋಡಿದರಾದರೂ ಏನನ್ನೂ ಬರೆದುಕೊಳ್ಳಲಿಲ್ಲ.

೬. ಆಲ್ಟರ್ನೇಟರಿನ ಯೋಗ್ಯತೆಯನ್ನು ಮೀಟರಿನಿಂದಲೇ ಅಳೆಯತಕ್ಕದ್ದು. ಇಲಾಖೆಯ ಮೀಟರು ಬೀರುವಿನಲ್ಲಿ ಸುರಕ್ಷಿತವಾಗಿದ್ದು, ಸುರಕ್ಷಿತವಾಗಿದ್ದ ಕಾರಣಕ್ಕೇ ಅದರ ಸೆಲ್ಲು ಸತ್ತುಹೋಗಿತ್ತು. ಹೊಸ ಸೆಲ್ಲಿಗೆ ಬೇಡಿಕೆ ಸಲ್ಲಿಸಿದರೆ ಗೇರಣ್ಣನವರು ನಿವೃತ್ತರಾಗುವ ಸಂಭವವಿದ್ದುದರಿಂದ, ಅಧೀಕ್ಷಕರ ಕೊಠಡಿಯ ಗೋಡೆ ಗಡಿಯಾರದ ಸೆಲ್ಲನ್ನು ತೆಗೆದು ಹಾಕಲಾಯಿತು. ಗಡಿಯಾರ ಊಟದ ಹೊತ್ತಿನಲ್ಲಿ ನಿಂತಿತು. ಇದನ್ನೇ ನೆಪ ಮಾಡಿಕೊಂಡು ಸಂಜೆಯವರೆಗೆ ಊಟ ಮಾಡಿದವರ ಪಟ್ಟಿ ಸಿದ್ಧವಾಗುತ್ತಿದೆ.

೭. ಮೀಟರಿನ ಕೆಂಪು ತಂತಿಯನ್ನು ಬ್ಯಾಟರಿಯ ಕೂಡು ಗುರುತಿಗೂ ಕಪ್ಪು ತಂತಿಯನ್ನು ಕಳೆ ಗುರುತಿಗೂ ಹಿಡಿಯತಕ್ಕದ್ದು. ಇಂಜಿನ್ ಓಡುವಾಗ ಅಂಕಿ ಹದಿನಾಲ್ಕು ವೋಲ್ಟಿನ ಆಸುಪಾಸಿನಲ್ಲಿ ನಿಂತರೆ ಆಲ್ಟರ್ನೇಟರ್ ಸುಸ್ಥಿತಿಯಲ್ಲಿದೆ ಎಂದು ತಿಳಿಯತಕ್ಕದ್ದು. ಹನ್ನೆರಡರ ಹತ್ತಿರವೇ ತೂಕಡಿಸುತ್ತಿದ್ದರೆ ಚಿಂತಿಸತಕ್ಕದ್ದು. ಅಂದು ಕಾರನ್ನು ತಳ್ಳಿ ಚಾಲೂ ಮಾಡಿ ತಂತಿ ಹಿಡಿದಾಗ ಮೀಟರು ೧೪.೨ ಎಂದು ತೋರಿಸಿತು. ಅಧೀಕ್ಷಕರು ಅದನ್ನು ದಿನಾಂಕವೆಂದು ಭಾವಿಸಿ, ವರ್ಷ ಯಾವುದೆಂದು ಕೇಳಿದರು. ದೀಪ, ಫ್ಯಾನು, ವೈಪರು ಎಲ್ಲವನ್ನೂ ಹಾಕಿ ನೋಡಿದರೂ ಅಂಕಿ ಹದಿನಾಲ್ಕರಿಂದ ಕೆಳಗಿಳಿಯಲಿಲ್ಲ. “ಮೀಟರ್ ಹೋಗಿದೆ. ಬದ್ಲಾಯ್ಸಿಬಿಡಿ,” ಎಂದು ಮೆಕ್ಯಾನಿಕರು ನುಡಿದರು. “ಚಾರ್ಜ್ ಕೊಡ್ತಾ ಇದೆ ಸಾರ್! ಚಾರ್ಜ್ ಕೊಡ್ತಾ ಇದೆ!” ಎಂದು ಗೇರಣ್ಣನವರು ಕಿಟಕಿಯ ಸರಳು ಹಿಡಿದು ಕುಣಿದರು. “ಯಾರ ಸಮ್ಮುಖದಲ್ಲಿ?” ಎಂದು ಅಧೀಕ್ಷಕರು ಕೇಳಿದರು.

೮. ಚಾರ್ಜ್ ಕೊಟ್ಟದ್ದು ಸಾಬೀತಾದರೂ ಪ್ರಕರಣ ಅಲ್ಲಿಗೆ ಮುಗಿಯತಕ್ಕದ್ದಲ್ಲ. ಹಗಲೆಲ್ಲ ಆಲ್ಟರ್ನೇಟರ್ ಕೊಟ್ಟ ಚಾರ್ಜನ್ನು ಬೆಳಗಾಗುವುದರೊಳಗೆ ಬ್ಯಾಟರಿ ಯಾರಿಗೆ ಕೊಟ್ಟಿತು ಎಂಬ ಪ್ರಶ್ನೆಯನ್ನು ಅಧೀಕ್ಷಕರು ಎತ್ತಿದರು. ಪ್ರಶ್ನೆ ಸರಿಯಾಗಿಯೇ ಇತ್ತು ಎಂಬುದನ್ನು ಅವರ ವಿರೋಧಿಗಳೂ ಒಪ್ಪುತ್ತಾರೆ. ಇದಕ್ಕೆ ಉತ್ತರ ಸಿಗುವವರೆಗೆ ಆಲ್ಟರ್ನೇಟರನ್ನು ನಿರ್ದೋಷಿ ಎನ್ನಲಾಗದೆಂದು ಅವರು ಹೇಳಿದಾಗ ಕಿಟಕಿಯಲ್ಲಿ ಕುಣಿತ ನಿಂತಿತು. ಎಲ್ಲರೂ ತಲೆ ಕೆರೆದುಕೊಳ್ಳುತ್ತ ನಿಂತಿರುವಾಗ ಬದಲಿ ಚಾಲಕರು ಹಸಿವಾಗಿದೆಯೆಂದು ಕಾರಿನ ಹಿಂಬದಿಗೆ ಹೋಗಿ, ಡಿಕ್ಕಿಗೆ ಕಟ್ಟಿದ್ದ ಹಗ್ಗ ಬಿಚ್ಚಿ, ತಮ್ಮ ಊಟದ ಡಬ್ಬಿ ಹೊರತೆಗೆದರು. ಅಲ್ಲೇಕೆ ಇಟ್ಟಿರಿ ಎಂದು ಕೇಳಲಾಗಿ, “ಡಿಕ್ಕಿ ಒಳಗೆ ಯಾವಾಗ್ಲೂ ಬೆಚ್ಚಗಿರುತ್ತೆ ಸಾರ್. ಊಟ ಆರೋದೇ ಇಲ್ಲ,” ಎಂದರು. “ಯಾವಾಗ್ಲೂ ಯಾಕ್ರೀ ಬೆಚ್ಚಗಿರುತ್ತೆ?” ಎಂದು ನಿರ್ದೇಶಕರು ಕೇಳಿದರು. “ಲೈಟಿದೆಯಲ್ಲ ಸಾರ್ ಒಳಗೆ. ಹಗಲೂ ರಾತ್ರಿ ಉರೀತಾನೇ ಇರುತ್ತೆ, ಒಳ್ಳೇ ಲೈಟು.”

೯. ಡಿಕ್ಕಿಯ ಬಾಗಿಲು ಪೂರ್ತಿ ಮುಚ್ಚಿದರೆ ಮಾತ್ರ ಅದರ ದೀಪ ಆರುತ್ತದೆ ಎಂಬುದನ್ನು ಎಲ್ಲರೂ ಮನನ ಮಾಡಿಕೊಳ್ಳತಕ್ಕದ್ದು. ಬಾಗಿಲು ಮುಚ್ಚದಿರಲು ಒಳಗೆ ಗಂಟುಗಟ್ಟಲೆ ತುಂಬಿದ್ದ ಕಾಗದವೇ ಕಾರಣವೆಂದು ಕಂಡುಬಂತು. ಕಾಗದವೆಲ್ಲ ಇದೇ ಇಲಾಖೆಯ ಹಿಂದಿನ ಸುತ್ತೋಲೆ. ಶಾಖೆಗಳಿಗೆ ಹಂಚಲೆಂದು ಸಿಬ್ಬಂದಿ ಶಾಖೆಯೇ ತುಂಬಿಸಿ, ಬಾಗಿಲು ಮುಚ್ಚದಿದ್ದಾಗ ಹಗ್ಗದಿಂದ ಕಟ್ಟುವಂತೆ ಗೇರಣ್ಣನವರಿಗೆ ಬರವಣಿಗೆಯಲ್ಲಿ ತಿಳಿಸಿತ್ತು. ಕಾರು ತಾನಾಗಿ ಹೊರಡದ ಕಾರಣ ಸುತ್ತೋಲೆ ಹಂಚಲಾಗಲಿಲ್ಲ. ಸುತ್ತೋಲೆ ಹಂಚದ ಕಾರಣ ಕಾರು ತಾನಾಗಿ ಹೊರಡಲಿಲ್ಲ. ಸದರಿ ಸುತ್ತೋಲೆಯ ವಿಷಯ: ‘ಬಳಕೆಯಲ್ಲಿಲ್ಲದ ದೀಪಗಳನ್ನು ಕಡ್ಡಾಯವಾಗಿ ಆರಿಸುವ ಕುರಿತು.’ ಅದಕ್ಕೆ ಯಾರ ಸಹಿಯಿತ್ತು ಎಂಬುದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಓದಿ ನಕ್ಕವರು ಇನ್ನು ಮುಂದೆ ತಮ್ಮ ಕೊಠಡಿಯ ಬಾಗಿಲು ಮುಚ್ಚಿಕೊಂಡು ನಗತಕ್ಕದ್ದು. ನಿರ್ದೇಶಕರಿಗೆ ಇದರಿಂದ ವಿನಾಯಿತಿ ಇದೆ.

೧೦. ಆದ್ದರಿಂದ ಯಾವುದನ್ನೇ ಆಗಲಿ, ಯಾರನ್ನೇ ಆಗಲಿ ಬದಲಾಯಿಸುವ ಮೊದಲು ಡಿಕ್ಕಿ ತೆರೆದು ನೋಡತಕ್ಕದ್ದು. ಡಿಕ್ಕಿ ಇಲ್ಲದವರ ವಿಷಯದಲ್ಲಿ ಒಮ್ಮೆ ಅವರನ್ನೇ ಕೇಳತಕ್ಕದ್ದು.

ಆದೇಶ:

ಮೇಲ್ಕಂಡ ಪರೀಕ್ಷೆಯಲ್ಲಿ ಆಲ್ಟರ್ನೇಟರ್ ಪೂರ್ಣ ಸುಸ್ಥಿತಿಯಲ್ಲಿದ್ದು, ಬ್ಯಾಟರಿಗೆ ತಪ್ಪದೆ ಚಾರ್ಜ್ ಕೊಡುತ್ತಿದ್ದುದು ಸಿದ್ಧವಾಗಿರುವುದರಿಂದ, ಹಿಂದಿನ ಆದೇಶವನ್ನು ರದ್ದುಪಡಿಸದೆ, ಅದರ ಮುಂದುವರಿಕೆಯಾಗಿ, ಶ್ರೀ ಆಲ್ಟರ್ನೇಟರ್ ಉರುಫ್ ಗೇರಣ್ಣನವರನ್ನು ತಕ್ಷಣದಿಂದ ಜಾರಿಗೆ ಬರುವಂತೆ ಕಾರಿಗೆ ಮರಳಿ ನಿಯೋಜಿಸಲಾಗಿದೆ. ಬದಲಿ ಚಾಲಕರು ತಮ್ಮ ಮೂಲ ಶಾಖೆಗೆ ತೆರಳತಕ್ಕದ್ದು. ಕಡತದ ಪ್ರಕಾರ ಆಲ್ಟರ್ನೇಟರ್ ಮಾತ್ರವೇ ಸುಸ್ಥಿತಿಯಲ್ಲಿರುವುದರಿಂದ, ಚಾವಿ ಪಡೆಯುವವರು ಆ ಹೆಸರಿನಲ್ಲೇ ಸಹಿ ಮಾಡತಕ್ಕದ್ದು. ಬೇರೆ ಹೆಸರಿನ ಸಹಿಗೆ ಚಾವಿ ಕೊಡಲಾಗುವುದಿಲ್ಲ.

(ಸಹಿ)
ಅಧೀಕ್ಷಕರು, ಸಿಬ್ಬಂದಿ ಶಾಖೆ
ನಿರ್ದೇಶಕರ ಪರವಾಗಿ, ನಿರ್ದೇಶಕರು ನಗು ತಡೆಯಲಾಗದೆ ಸಹಿ ಮಾಡುವ ಸ್ಥಿತಿಯಲ್ಲಿ ಇಲ್ಲದಿರುವುದರಿಂದ

ಲಗತ್ತು: ಚಾವಿ ಒಂದು.

ಪ್ರತಿಗಳು:
೧. ನಿರ್ದೇಶಕರಿಗೆ, ಸಾವಕಾಶವಾಗಿ ಓದಲು.
೨. ವಾಹನ ಶಾಖೆಗೆ, ಗೋಡೆಯ ಮೇಲಿಂದ.
೩. ಮೆಕ್ಯಾನಿಕರಿಗೆ, ಮಾಹಿತಿಗಾಗಿ ಮಾತ್ರ. ಅಭಿಪ್ರಾಯ ಕೋರಿಲ್ಲ.
೪. ಬದಲಿ ಚಾಲಕರಿಗೆ, ಊಟ ಬಿಸಿ ಮಾಡಿಕೊಳ್ಳಲು ಬೇರೆ ಏರ್ಪಾಡು ಮಾಡಿಕೊಳ್ಳುವಂತೆ ವಿಷಾದದೊಂದಿಗೆ.
೫. ಶ್ರೀ ಬ್ಯಾಟರಿಯವರಿಗೆ, ಚಾರ್ಜ್ ತೆಗೆದುಕೊಂಡ ಬಗ್ಗೆ ಸ್ವೀಕೃತಿ ಕಳಿಸುವಂತೆ. (ಎರಡನೆಯ ಜ್ಞಾಪನ.)
೬. ಗೇರಣ್ಣನವರ ಧರ್ಮಪತ್ನಿಯವರಿಗೆ, ಸೌಟನ್ನು ಮರಳಿ ಅಡುಗೆಗೆ ಬಳಸಬಹುದೆಂಬ ಸೂಚನೆಯೊಂದಿಗೆ.
೭. ಎಲ್ಲ ಶಾಖೆಗಳಿಗೆ. ಈ ಸುತ್ತೋಲೆಯ ಪ್ರತಿಗಳ ಗಂಟುಗಳನ್ನು ಹಂಚುವ ಸಲುವಾಗಿ ಕಾರಿನ ಡಿಕ್ಕಿಯಲ್ಲಿ ಇಡಲಾಗಿದೆ. ಬಾಗಿಲು ಮುಚ್ಚದಿದ್ದಲ್ಲಿ ಹಗ್ಗ ಕಟ್ಟಿಕೊಳ್ಳತಕ್ಕದ್ದು.
೮. ಕಚೇರಿ ಪ್ರತಿ. ಇದರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಕೆಳಕಂಡಂತೆ ಷರಾ ಇದೆ:

“ಚಾವಿ ಸಿಕ್ತು ಸಾರ್. ಗಂಟುಗಳನ್ನೆಲ್ಲ ಡಿಕ್ಕಿಯಿಂದ ತೆಗ್ದು ಹಿಂದಿನ ಸೀಟಲ್ಲಿ ಕೂರಿಸಿದ್ದೀನಿ, ಬೆಲ್ಟೂ ಹಾಕಿದ್ದೀನಿ. ಡಿಕ್ಕಿ ಟಪ್ ಅಂತ ಮುಚ್ತು. ಒಂದೇ ಸಲಕ್ಕೆ ಚಾಲೂ ಆಯ್ತು. ಹಂಚಿ ಬರ್ತೀನಿ.

ಇಂತಿ ತಮ್ಮ ವಿಧೇಯ,
ಆಲ್ಟರ್ನೇಟರ್”